ಬಾಗಿಲ ಹಿಂದಿನ ಬಾಣಂತಿ

ಮನೆ ಮನೆಗೆ ಹೋಗಿ ಜಿರಳೆ, ಗೆದ್ದಲು, ಇರುವೆಗೆ ಔಷಧಿ ಹೊಡೆಯುವುದು ಅವನ ಕಸುಬು. ಹನ್ನೊಂದು ವರ್ಷದಿಂದ ಅದೇ ಕೆಲಸ, ಅದೇ ಬೂದು ಶರ್ಟು, ಗಿರಾಕಿಗಳ ಮುಂದೆ ಅದೇ ಮಾತು: "ಮೂರು ತಿಂಗಳು ಒಂದು ಹುಳ ಇತ್ತ ಸುಳಿಯಲ್ಲ, ಗ್ಯಾರಂಟಿ. ಒಣಗಿದ ಮೇಲೆ ನಿಮ್ಮ ಮಕ್ಕಳು ನೆಲ ನೆಕ್ಕಿದ್ರೂ ಏನೂ ಆಗಲ್ಲ." ಎರಡೂ ಮಾತು ಒಂದೇ ಉಸಿರಿನಲ್ಲಿ. ಇಷ್ಟು ವರ್ಷದಲ್ಲಿ ಒಬ್ಬರಾದರೂ, ಅದು ಹೇಗಪ್ಪಾ ಎಂದು ಕೇಳಿದ್ದಿಲ್ಲ. ಅವನೂ ಕೇಳಿಕೊಂಡಿದ್ದಿಲ್ಲ, ಬಿಡಿ.

ಅಂಥವನ ತಲೆಗೆ ಈಗ ಒಂದು ಜೇಡದ ಪ್ರಾಣ ಕಾಯುವ ಕೆಲಸ ಬಿದ್ದಿತ್ತು. ನಗಬೇಡಿ, ಅವನಿಗೇನೂ ನಗು ಬರುತ್ತಿರಲಿಲ್ಲ. ಹಿಂದಿನ ತಿಂಗಳು ಅಡುಗೆಮನೆಯ ಗೋಡೆಯ ಮೇಲೆ ಅಂಗೈಯಗಲದ ಜೇಡ ಕಂಡಾಗ ಚಪ್ಪಲಿ ತೆಗೆದು ಫಟಾರನೆ ಬಡಿದಿದ್ದ. ಅದರ ಹೊಟ್ಟೆಯಡಿಯಿದ್ದ ಮೊಟ್ಟೆಗಳ ಬಿಳಿ ಬಿಲ್ಲೆ ಒಡೆದು, ಇನ್ನೂ ಬಲಿಯದ ಮರಿಗಳು ಗೋಡೆಗೆ ಮೆತ್ತಿಕೊಂಡವು. ಎಂಟು ವರ್ಷದ ಮಗಳು ಬಾಗಿಲಲ್ಲೇ ನಿಂತಿದ್ದಳು. ಅಂದಿನಿಂದ ಅವಳು ಅಪ್ಪನ ಪಕ್ಕ ಕೂತು ಉಂಡಿದ್ದಿಲ್ಲ. ತಲೆ ಸವರಲು ಕೈ ಚಾಚಿದರೆ ಬಗ್ಗಿ ತಪ್ಪಿಸಿಕೊಳ್ಳುತ್ತಿದ್ದಳು. ಹೆತ್ತ ಮಗಳೇ ತನ್ನ ಕೈ ಕಂಡು ಹೆದರಿದರೆ ಯಾವ ಅಪ್ಪನಿಗೆ ಅನ್ನ ಇಳಿದೀತು?

ಆಮೇಲೆ ಬಚ್ಚಲುಮನೆಯ ಬಾಗಿಲ ಹಿಂದೆ ಇನ್ನೊಂದು ಬಂತು. ಅಷ್ಟೇ ದೊಡ್ಡದು, ಅಂಥದೇ ಬಿಳಿ ಬಿಲ್ಲೆ ಅವಚಿಕೊಂಡಿತ್ತು. ಮಗಳು ಅದಕ್ಕೆ ಅಡ್ಡ ನಿಂತಳು.

"ಇದನ್ನೂ ಹೊಡೀತೀಯಾ?"

"ಮುಟ್ಟಲ್ಲ ಪುಟ್ಟಿ."

"ಮರಿ ಆದ್ಮೇಲೆ?"

"ಆದ್ಮೇಲೂ. ಆಣೆ."

"ಸಾಯಿಸಿದ್ರೆ ನಿನ್ನ ಜೊತೆ ಮಾತೇ ಆಡಲ್ಲ. ಯಾವತ್ತೂ."

ಹೆಂಡತಿ ನಾಲ್ಕು ತಿಂಗಳ ಪಾಪುವನ್ನು ತೊಡೆಯ ಮೇಲೆ ಹಾಕಿಕೊಂಡು ಇದನ್ನೆಲ್ಲ ಕೇಳುತ್ತಿದ್ದಳು. "ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ನಮ್ಮನೇಲಿ ಅಪ್ಪ-ಮಗಳಿಗೆ ಜೇಡ ಮುದ್ದು. ನಾನೊಬ್ಬಳು ಬಾಣಂತಿ ಸಾಲದು ಅಂತ ಬಾಗಿಲ ಹಿಂದೆ ಇನ್ನೊಬ್ಬಳು," ಎಂದಳು. ಜೇಡಕ್ಕೆ ಬಾಣಂತಿ ಎಂಬ ಹೆಸರು ಅಂದೇ ಬಿತ್ತು.

ದಿನಾ ಸಂಜೆ ಅಪ್ಪ-ಮಗಳು ಇಬ್ಬರೂ ಬಚ್ಚಲ ಹೊಸ್ತಿಲಲ್ಲಿ ಕೂತು ಅದನ್ನು ನೋಡತೊಡಗಿದರು. ಜೇಡಗಳು ಎಲ್ಲಿ ಅಡಗುತ್ತವೆ, ಹೇಗೆ ಮುದುಡಿ ಬೀಳುತ್ತವೆ ಎಂಬುದಷ್ಟೇ ಅವನಿಗೆ ಗೊತ್ತಿದ್ದದ್ದು. ಬದುಕಿರುವ ಜೇಡವನ್ನು ಕೂತು ನೋಡಿದ್ದು ಇದೇ ಮೊದಲು. ಕಾಲಿನ ತುಂಬ ಕಂದು ರೋಮ, ಟಾರ್ಚು ಬಿಟ್ಟರೆ ಮಿನುಗುವ ಕಣ್ಣುಗಳು. ಬಾಗಿಲು ಚೂರು ಅಲುಗಿದರೂ ಬಿಲ್ಲೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತಿತ್ತು. "ಊಟಾನೇ ಮಾಡಲ್ಲ ಅಪ್ಪ ಇದು," ಎನ್ನುತ್ತ ಹತ್ತನೆಯ ದಿನ ಮಗಳು ಅವನ ಭುಜಕ್ಕೆ ಒರಗಿದಳು. ಅವನು ಉಸಿರಾಡಲೂ ಹೆದರಿದ. ತಿಂಗಳಲ್ಲಿ ಮೊದಲ ಸಲ ಅವನ ಜೀವಕ್ಕೆ ಹಾಯೆನಿಸಿತ್ತು.

ಆದರೆ ಬೆಳಗಿನ ಬಿಸಿಲು ಕಿಟಕಿಯಿಂದ ನೇರ ಬಾಣಂತಿಯ ಮೇಲೇ ಬೀಳುತ್ತಿತ್ತು. ಬಿಸಿಲು ಬಿದ್ದಾಗ ಅದು ಚಡಪಡಿಸಿ ಜಾಗ ಬದಲಿಸುವುದನ್ನು ಮಗಳು ಕಂಡಳು. "ಓಡಿಹೋದ್ರೆ ಏನ್ ಮಾಡೋದು?" ಎನ್ನುವಾಗ ಅವಳ ಮುಖ ಬಾಡಿತು. ಅಪ್ಪನಿಗೊಂದು ಉಪಾಯ ಹೊಳೆಯಿತು. ಕೆಲಸದಿಂದ ಬಂದವನೇ ಪಾಪುವನ್ನು ಎತ್ತಿ ಮುದ್ದಾಡಿ, ಆಮೇಲೆ ಶರ್ಟು ಬಿಚ್ಚಿ ಹಿತ್ತಲ ಹಗ್ಗಕ್ಕೆ ಹಾಕುವುದು ಅವನ ರೂಢಿ. ಅಂದು ಆ ಶರ್ಟನ್ನು ಬಾಗಿಲ ಮೊಳೆಗೆ ನೇತುಹಾಕಿ, ತೋಳುಗಳನ್ನು ಅಗಲಿಸಿ, ಬಾಣಂತಿಗೆ ಪರದೆ ಮಾಡಿದ. ಔಷಧಿಯ ಡಬ್ಬಿ, ಪಂಪು ಗೋದಾಮಿನಲ್ಲೇ ಇರುತ್ತಿದ್ದವು. ಕೈಯನ್ನು ಮೊಣಕೈವರೆಗೆ ಸೋಪು ಹಾಕಿ ತೊಳೆದೇ ಅವನು ಮನೆಗೆ ಹೊರಡುತ್ತಿದ್ದ. ಶರ್ಟೂ ಒಣಗಿತ್ತು. ಒಣಗಿದ ಮೇಲೆ ಇನ್ನೇನು?

"ಅಪ್ಪ ಅಂದ್ರೆ ಅಪ್ಪ," ಎಂದಳು ಮಗಳು.

ಮಾರನೆಯ ದಿನ ರಜೆ, ಬೆಳಿಗ್ಗೆ ಅವಳು ಬಂದು ಕೈ ಹಿಡಿದು ಎಳೆದಳು. ಬನಿಯನ್ನಿನಲ್ಲಿದ್ದವನು ಹಾಗೇ ಓಡಿದ. ಬಿಲ್ಲೆ ಒಡೆದಿತ್ತು. ಎಳ್ಳು ಚೆಲ್ಲಿದಂತೆ ಬಾಗಿಲ ತುಂಬ ಮರಿಗಳು, ಒಂದೊಂದಕ್ಕೂ ಕೂದಲೆಳೆಯಂಥ ಕಾಲು. ಅಪ್ಪ-ಮಗಳು ಕೈ ಬಿಡದೆ ನೋಡಿದರು. ಮರಿಗಳು ಮೆಲ್ಲಗೆ ಶರ್ಟಿನ ಮೇಲೆ ಹರಿದವು, ತೋಳಿನ ಮೇಲೆ, ಕಾಲರಿನ ಮೇಲೆ. ಅವುಗಳ ಹಿಂದೆಯೇ ಬಾಣಂತಿಯೂ ಇಳಿಯಿತು.

"ಅಪ್ಪ, ಇವು ಯಾಕೆ ಬೀಳ್ತಿವೆ?"

ಕಾಲರಿನಿಂದ ಒಂದು ಉದುರಿತು. ಆಮೇಲೆ ನಾಲ್ಕಾರು. ಬಾಣಂತಿಯ ಮುಂಗಾಲು ನಡುಗತೊಡಗಿತು. ಆ ನಡುಕವನ್ನು ಅವನು ಸಾವಿರ ಸಲ ಕಂಡಿದ್ದ. ಅದು ಕಂಡರೆ ಕೆಲಸ ಮುಗಿಯಿತೆಂದು ಪಂಪು ಕೆಳಗಿಡುತ್ತಿದ್ದ. ಈಗ ಶರ್ಟನ್ನು ಕಿತ್ತು ಹಿತ್ತಲಿಗೆ ಎಸೆದು ಬರುವಷ್ಟರಲ್ಲಿ ಬಾಣಂತಿ ನೆಲದ ಮೇಲೆ ಕಾಲು ಮುದುಡಿ ಮಲಗಿತ್ತು.

"ಪುಟ್ಟಿ, ನಾನು ಬೇಕು ಅಂತ ಮಾಡಿಲ್ಲ ಕಣೆ. ಅದಕ್ಕೆ ನೆರಳಾಗ್ಲಿ ಅಂತ..." ಇನ್ನು ಇವಳು ನನ್ನ ಜೊತೆ ಮಾತಾಡುವುದಿಲ್ಲ ಎಂದುಕೊಂಡ.

ಮಗಳು ಅಳಲಿಲ್ಲ, ಬೈಯಲೂ ಇಲ್ಲ. ಬಗ್ಗಿ ನೆಲದ ಮೇಲಿದ್ದ ಬಾಣಂತಿಯನ್ನು ನೋಡಿದಳು.

"ಶರ್ಟಲ್ಲಿ ಔಷಧಿ ಇತ್ತಾ?"

"ಇತ್ತು ಅನ್ಸುತ್ತೆ."

"ಒಣಗಿತ್ತಲ್ಲ?"

"ಒಣಗಿತ್ತು."

"ದಿನಾ ಪಾಪೂನ ಎತ್ಕೊಳ್ಳೋದೂ ಆ ಶರ್ಟಲ್ಲೇ ಅಲ್ವಾ ಅಪ್ಪ? ಅವನು ಆ ಕಾಲರನ್ನೇ ಚೀಪ್ತಾನೆ."

ಅವನು ಶರ್ಟು ಕಿತ್ತೆಸೆದ ತನ್ನ ಕೈಗಳನ್ನು ನೋಡಿಕೊಂಡ. ಅಷ್ಟರಲ್ಲಿ ಹೆಂಡತಿ ಪಾಪುವನ್ನು ಎತ್ತಿಕೊಂಡು, "ಮರಿ ಆದ್ವಂತಲ್ಲ, ಎಲ್ಲಿ?" ಎನ್ನುತ್ತ ಬಂದಳು. ಅಪ್ಪನನ್ನು ಕಂಡದ್ದೇ ತಡ, ಪಾಪು ಬೊಚ್ಚುಬಾಯಿ ಅಗಲಿಸಿ ನಕ್ಕು, ಅವನ ಕಡೆಗೆ ಎರಡೂ ಕೈ ಚಾಚಿತು. ಅವನು ಗೋಡೆ ತಾಗುವವರೆಗೂ ಹಿಂದೆ ಹಿಂದೆ ಸರಿದ.