ಶಿವರಂಜನಿಯ ಅಂದಾಜು

ಹಿಂದಿನ ಸಲ ಮೇಲ್ವಿಚಾರಕಿ ಹುದ್ದೆಯ ಪರೀಕ್ಷೆಯಲ್ಲಿ ಶಿವರಂಜನಿ ಸೋತದ್ದು ಓದದೆ ಅಲ್ಲ, ಹೆದರಿ. ಹಗಲು ಚಂದಾಪುರದ ಅಂಗನವಾಡಿಯಲ್ಲಿ ಮಕ್ಕಳನ್ನು ಸಂಭಾಳಿಸಿ, ಸಂಜೆಯೆಲ್ಲ ಓದಿದವಳು, ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆಂಬ ಭಯಕ್ಕೆ ಅರ್ಧ ಪ್ರಶ್ನೆಗಳನ್ನು ಹಾಗೇ ಬಿಟ್ಟು ಬಂದಿದ್ದಳು. ಈ ಸಲ ಅರ್ಜಿ ಹಾಕಿದ ಮೇಲೆ ಗಂಡ ಶಾಂತಕುಮಾರ, ಹೈಸ್ಕೂಲಿನ ಗಣಿತ ಮಾಸ್ತರ, ಐವತ್ತು ಪ್ರಶ್ನೆಗಳ ಪತ್ರಿಕೆಯೊಂದನ್ನು ತಯಾರಿಸಿ ಮುಂದಿಟ್ಟ.

"ಎಲ್ಲಾದಕ್ಕೂ ಉತ್ತರ ಬರಿ. ಅದು ಸರಿ ಅದನೋ ತಪ್ಪದನೋ, ನಿಂಗೇನು ಅನಸ್ತದ ಅದನೂ ಬಾಜೂಕ ಬರಿ," ಅಂದ.

ಇಪ್ಪತ್ತು ಉತ್ತರಗಳ ಮುಂದೆ ಸರಿ, ಮೂವತ್ತರ ಮುಂದೆ ತಪ್ಪು ಎಂದು ಬರೆದುಕೊಟ್ಟಳು. ಅವನು ತಿದ್ದುವಾಗ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರೂ ಕಿವಿಯೆಲ್ಲ ಪಡಸಾಲೆಯಲ್ಲೇ ಇತ್ತು.

"ರಂಜನಿ, ಬಾ ಇಲ್ಲಿ. ನಲವತ್ತೊಂದು ಸರಿ ಅದಾವ."

"ಸುಳ್ಳ ಹೇಳಬ್ಯಾಡ್ರಿ."

"ನೀನೇ ಎಣಸಿ ನೋಡು. ಸರಿ ಅಂದ ಇಪ್ಪತ್ತೂ ಸರಿ. ತಪ್ಪಂದ ಮೂವತ್ತರಾಗ ಒಂಬತ್ತೇ ತಪ್ಪು. ಅಂದ್ರ ಐವತ್ತರಾಗ ಇಪ್ಪತ್ತೊಂಬತ್ತು ಸಲ ನಿನ್ನ ಅಂದಾಜು ಖರೆ ಆಗ್ಯದ. ಪರ್ಸೆಂಟ್ ಎಷ್ಟಾತು?"

"ಐವತ್ತೆಂಟು."

"ಉತ್ತರಕ್ಕ ಎಂಬತ್ತೆರಡು ಬಂದದ. ಓದಿದ್ದೆಲ್ಲ ತಲ್ಯಾಗ ಅದ. ನಿನ್ನ ಮ್ಯಾಲ ನಿಂಗ ಭರೋಸಾ ಇಲ್ಲ, ಅಷ್ಟೇ."

ಹಿಟ್ಟಿನ ಕೈಯಲ್ಲೇ ಹಾಳೆ ಹಿಡಿದು ನಿಂತವಳಿಗೆ ಮೊದಲು ನಗು ಬಂತು, ಆಮೇಲೆ ಯಾಕೋ ಕಣ್ಣು ತುಂಬಿದವು. ಹಂಚಿನ ಮೇಲಿನ ರೊಟ್ಟಿ ಸೀದುಹೋದದ್ದು ಇಬ್ಬರಿಗೂ ತಡವಾಗಿ ಗೊತ್ತಾಯಿತು.

ಅಲ್ಲಿಂದ ವಾರಕ್ಕೊಂದು ಪತ್ರಿಕೆ. ಅಂದಾಜು ಸರಿಯಾಗುವ ಪ್ರಮಾಣ ನಿಧಾನಕ್ಕೆ ಏರಿತು. ಒಮ್ಮೆ ಹಟಕ್ಕೆ ಬಿದ್ದು ಎಲ್ಲವೂ ಸರಿ ಎಂದು ಬರೆದು ಕೆಳಗಿಳಿದಳು, ಗಂಡನ ಹತ್ತಿರ ಬೈಸಿಕೊಂಡಳು. ಪರೀಕ್ಷೆಯ ಹೊತ್ತಿಗೆ ತೊಂಬತ್ತರ ಆಜುಬಾಜು ಬಂದು ನಿಂತಿದ್ದಳು.

ಕಲಬುರಗಿಯಲ್ಲಿ ಪರೀಕ್ಷೆ ಬರೆದು ಬಂದು ಬಸ್ಸಿಳಿದರೆ ಶಾಂತಕುಮಾರ ಸ್ಟ್ಯಾಂಡಿನಲ್ಲೇ ಕಾಯುತ್ತಿದ್ದ. ಅವಳಿಗಿಂತ ಅವನ ಮುಖವೇ ಬಾಡಿತ್ತು.

"ನೂರರಾಗ ಎಷ್ಟು ಬಿಟ್ಟಿ?"

"ಆರು. ಅವು ಖರೇನ ಬರತಿದ್ದಿಲ್ರಿ. ಉಳದಿದ್ದರಾಗ ಎಂಬತ್ತು ಸರಿ ಇರ್ತಾವ."

"ತೊಂಬತ್ತರ ಮ್ಯಾಲ ಇರ್ತಾವ ತಗೋ," ಅಂದ ಅವನು.

ಸರಿ ಉತ್ತರಗಳು ಪ್ರಕಟವಾದಾಗ ಎಂಬತ್ತೆರಡು ತಾಳೆಯಾದವು. "ಮಾಸ್ತರರ ಲೆಕ್ಕನೇ ಕೈ ಕೊಡ್ತಲ್ರಿ," ಎಂದು ಶಿವರಂಜನಿ ಎರಡು ದಿನ ಅವನನ್ನು ಕಾಡಿದಳು.

ನೌಕರಿ ಸೇಡಂ ಕಡೆ ಸಿಕ್ಕಿತು. ಮೊದಲ ದಿನ ಬಸ್ಸಿಗೆ ಹತ್ತಿಸಲು ಬಂದವನಿಗೆ, "ನಿಮ್ಮ ಸಾಲಿಗಿ ಹೊತ್ತಾತು, ಹೋಗ್ರಿ ಇನ್ನ," ಎಂದು ಕಿಟಕಿಯಿಂದ ಹೇಳಿದಳು. ಶಾಂತಕುಮಾರ ಹೂಂ ಅಂದ, ಬಸ್ಸು ಹೊರಡುವವರೆಗೂ ಅಲ್ಲಿಂದ ಕದಲಲಿಲ್ಲ.