ಭಾಗ್ಯಾಳ ಎಡಿ

ಊಟ ಅಂದ್ರ ಶಾಂತಕುಮಾರಗ ದೆವ್ವ ಕಂಡಂಗ. ಕೋಡ್ಲಾದ ಸಿಮೆಂಟ್ ಫ್ಯಾಕ್ಟರಿ ಕ್ಯಾಂಟೀನಿನಾಗ ಗೆಳೆಯರು ಡಬ್ಬಿ ಬಿಚ್ಚಿದ್ರ ಅಂವ ಮೊದಲು ಸಂಡಾಸ ಎಷ್ಟು ದೂರ ಅದಾ ಅಂತ ನೋಡ್ತಿದ್ದ. ದೊಡ್ಡ ಕರುಳಿನಾಗ ಹುಣ್ಣು. ಬ್ಯಾನಿ ಎದ್ದಾಗ ಹೊಟ್ಟಿ ಹಿಂಡಿ ರಕ್ತ ಹೋಗ್ತಿತ್ತು. ರಕ್ತ ಕಂಡ್ರ ಸಾಕು, ಹಿಂದಿನ ದಿನ ತಿಂದದ್ದರ ಮ್ಯಾಲ ಗುಮಾನಿ. ಬದನೀಕಾಯಿ ತಿಂದಿದ್ದ, ಅದು ಬಂದ್. ಹಾಲು ಕುಡಿದಿದ್ದ, ಅದೂ ಬಂದ್. ಆಮ್ಯಾಲ ತೊಗರಿ ಬ್ಯಾಳಿ, ಕಡೀಗೆ ಜೋಳದ ರೊಟ್ಟಿ. ರೊಟ್ಟಿ ಬಿಟ್ಟು ಬದುಕೋದು ನಮ್ಮ ಸೇಡಂ ಕಡೆ ಮಂದಿಗೆ ಒಂದು ಬದುಕೇನ್ರಿ! ಹಿಂಗ ಒಂದೊಂದೇ ಹೊರಗ ಹಾಕಿ ಹಾಕಿ ತಾಟಿನಾಗ ಗಂಜಿ ಒಂದೇ ಉಳೀತು.

ಗಂಜಿ ಕುಡಿಯಾಕ ಕುಂತ್ರ ಎದುರಿಗೆ ಅಕ್ಕ ಭಾಗ್ಯಜ್ಯೋತಿ ಬಂದು ಕುಂತಂಗ ಆಗ್ತಿತ್ತು. ಆಕಿ ಸತ್ತು ಎಷ್ಟೋ ವರ್ಷ ಆಗಿತ್ತು. ಆಕಿಗೂ ಹಿಂಗೇ ರಕ್ತ ಹೋಗ್ತಿತ್ತು, ಆಗ ಯಾರಿಗೂ ಏನಂತ ತಿಳೀಲಿಲ್ಲ. ಹೊಟ್ಟಿ ಬ್ಯಾನಿಗೆ ಪಥ್ಯಾನೇ ಔಷಧ ಅಂತ ಅವ್ವ ಚಂದಮ್ಮ ಮಗಳಿಗೆ ಬರೇ ಗಂಜಿ ಕೊಟ್ಟು ಜೋಪಾನ ಮಾಡಿದ್ಳು. "ಯವ್ವಾ, ಒಂದು ಚೂರು ರೊಟ್ಟಿ ಕೊಡವ್ವ" ಅಂತ ಭಾಗ್ಯಾ ಅಂಗಲಾಚ್ತಿದ್ಳು. ಅವ್ವ ಅಳಕೋತ ರೊಟ್ಟಿ ಬುಟ್ಟಿ ಎತ್ತರದಾಗ ಇಡ್ತಿದ್ಳು. ಎಲುಬಿನ ಹಂದರ ಆಗಿ ಹೋದ್ಳು ಹುಡುಗಿ. ಈಗ ಗ್ವಾಡಿಗೆ ಆತು ಕುಂತು ತಮ್ಮನ ತಾಟನ್ನೇ ನೋಡ್ತಾಳ.

ಈ ಸಲ ಹಿರೇರಿಗೆ ಎಡಿ ಹಿಡಿಯೋ ಅಮಾಸಿ ದಿನಾನೇ ಅಂವ ಕಲಬುರಗಿ ಡಾಕ್ಟರ ಹಂತ್ಯಾಕ ಹೋಗೋದು ಬಂತು. ರಿಪೋರ್ಟ್ ನೋಡಿ ಡಾಕ್ಟರು ಬೈದ್ರು. "ಹುಣ್ಣು ಮಾಯ್ದಾವ, ಗುಳಗಿ ಮಾತ್ರ ಬಿಡಬ್ಯಾಡ್ರಿ. ಆದ್ರ ಮೈ ಯಾಕ ಹಿಂಗ ಬತ್ತ್ಯಾದ? ಇದು ರೊಟ್ಟಿ ತಿಂದು ಬಂದ ಬ್ಯಾನಿ ಅಲ್ರಿ. ಮೆತ್ತಗ ಮಾಡಿಸ್ಕೊಂಡು ಸ್ವಲ್ಪ ಸ್ವಲ್ಪ ಶುರು ಮಾಡ್ರಿ. ಉಪಾಸ ಬಿದ್ದು ಸಾಯ್ತೀರೇನು?"

ಶಾಂತಕುಮಾರ ಅಕ್ಕನ ಸುದ್ದಿ ಹೇಳಿದ. ಡಾಕ್ಟರು ರಿಪೋರ್ಟ್ ಬದಿಗಿಟ್ರು. "ಅದೇ ಬ್ಯಾನಿ ಇರಬೇಕು. ಆಕಿಗೂ ಔಷಧ ಬೇಕಿತ್ತು, ಹೊಟ್ಟಿ ತುಂಬ ಅನ್ನ ಬೇಕಿತ್ತು" ಅಂದ್ರು.

ತನ್ನೂರು ಕುರಕುಂಟಾಕ್ಕ ವಾಪಸ್ ಬರೋ ಬಸ್ಸಿನಾಗ ಅವಗ ಒಂದೇ ಚಿಂತಿ. ಈ ಮಾತು ಅವ್ವಗ ಹೆಂಗ ಹೇಳೋದು? ಮಗಳನ್ನ ನಾನೇ ಉಪಾಸ ಕೆಡವಿ ಕೊಂದೆ ಅಂತ ತಿಳದ್ರ ಅವ್ವ ಉಳೀತಾಳೇನು? ಹೇಳಬಾರದು ಅಂತ ಗಟ್ಟಿ ಮಾಡ್ಕೊಂಡ.

ಮನ್ಯಾಗ ಎಡಿ ತಯಾರಿತ್ತು. ಸತ್ತೋರಿಗೆ ಸೇರೋ ಅಡಗಿ ಇಟ್ಟು, ಬಾಗಿಲ ಮುಚ್ಚಿ, ಅವರು ಉಂಡು ಹೋಗೋತನ ಹೊರಗ ಕುಂದ್ರೋದು ರೂಢಿ. ಅಪ್ಪನ ಎಡ್ಯಾಗ ಹೋಳಿಗಿ, ರೊಟ್ಟಿ, ಪುಂಡಿಪಲ್ಯ. ಬಾಜೂಕ ಭಾಗ್ಯಾಗ ಒಂದು ಬಟ್ಟಲ ಗಂಜಿ, ಉಪ್ಪೂ ಇಲ್ಲದ್ದು. ಸತ್ತ ಮ್ಯಾಲೂ ಪಥ್ಯ! ವರ್ಷಾ ವರ್ಷಾ ನೋಡಿದ್ದೇ ಆದ್ರೂ ಇವತ್ತು ಅಂವ ಆ ಬಟ್ಟಲದ ಮುಂದ ಕುಂತೇಬಿಟ್ಟ.

"ಡಾಕ್ಟರು ಏನಂದ್ರೋ ತಮ್ಮಾ?" ಅಂದ್ಳು ಅವ್ವ.

"ರೊಟ್ಟಿ ತಿನ್ನು ಅಂದಾರ."

ಎಡಿಗೆ ಊದಿನಕಡ್ಡಿ ಹಚ್ಚಾಕತ್ತಿದ್ದ ಅವ್ವ ತಿರುಗಿ ನೋಡಿದ್ಳು. "ರೊಟ್ಟಿ? ಹಂಗಾದ್ರ... ಭಾಗ್ಯಾ..."

"ಆಕಿದು ಬ್ಯಾರೆ ಬ್ಯಾನಿ ಯವ್ವಾ. ಡಾಕ್ಟರೇ ಹೇಳ್ಯಾರ."

"ಮತ್ತ! ಆಕಿಗಿ ಗಂಜೀನೇ ಖರೆ ಇತ್ತು ನೋಡು." ಅವ್ವಗ ಸಮಾಧಾನ ಆತು. ಲಗೂನ ಒಲಿ ಮುಂದ ಕುಂತು ಮೆತ್ತನ್ನ ರೊಟ್ಟಿ ಬಡಿದು, ತುಪ್ಪ ಸವರಿ ಅವನ ತಾಟಿಗೆ ಹಾಕಿದ್ಳು. "ಎಡಿ ಆದ ಕೂಡ್ಲೇ ಉಣ್ಣು, ನನ್ನಪ್ಪಾ."

ಬಿಸಿ ರೊಟ್ಟಿ ವಾಸನಿಗೆ ಅವನ ಬಾಯಾಗ ನೀರು ಬಂತು. ತಲಿ ಎತ್ತಿದ. ಗ್ವಾಡಿ ಹಂತ್ಯಾಕ ಭಾಗ್ಯಾ ಕುಂತಿದ್ಳು. ಇವತ್ತು ತಾಟು ನೋಡ್ಲಿಲ್ಲ, ಅವನ ಮಾರಿ ನೋಡಾಕತ್ತಿದ್ಳು. ಶಾಂತಕುಮಾರ ಎದ್ದ. ಆ ರೊಟ್ಟಿ ಒಯ್ದು ಗಂಜಿ ಬಟ್ಟಲದ ಬಾಜೂಕ ಇಟ್ಟ.

"ಏ, ಅದು ನಿಂದು! ಆಕಿಗಿ ಆಗಿಬರಂಗಿಲ್ಲ, ತಗೀ" ಅಂದ್ಳು ಅವ್ವ. ಅಂವ ತಗೀಲಿಲ್ಲ. ತಾಯಿ ಮಾರಿ ನೋಡಾಕೂ ಆಗ್ಲಿಲ್ಲ, ಗಳಗಳ ಅತ್ತ.

"ಅದೇ ಬ್ಯಾನಿ ಇತ್ತೇನೋ ಶಾಂತೂ?"

ಅಂವ ರೊಟ್ಟೀನ ಭಾಗ್ಯಾಳ ಎಡಿ ನಡುವಕ ಸರಿಸಿದ. ಅವ್ವ ಸೆರಗು ಬಾಯಿಗೆ ಒತ್ಕೊಂಡ್ಳು. ಆಮ್ಯಾಲ ಗಂಜಿ ಬಟ್ಟಲ ತಗದು ಅತ್ತಾಗ ಸರಿಸಿದ್ಳು.

"ಶೇಂಗಾ ಚಟ್ನಿ ತಗೊಂಡು ಬಾ" ಅಂದ್ಳು. "ಬರೇ ರೊಟ್ಟಿ ಹೆಂಗ ತಿಂದಾಳು ಆಕಿ?"