ಎಡಕ್ಕೆ ಎಳೆಯುವ ಜಾಯ್‌ಸ್ಟಿಕ್

2024ರ ನವೆಂಬರ್ 17, ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಹರಪನಹಳ್ಳಿ ಬಸ್ ನಿಲ್ದಾಣದ ಹಿಂದಿನ ಕಂಪ್ಯೂಟರ್ ಅಂಗಡಿಯಲ್ಲಿ ಅಮೃತಾ ಜಾಯ್‌ಸ್ಟಿಕ್ಕನ್ನು ಬಲಕ್ಕೆ ಒತ್ತಿ ಕೈಬಿಟ್ಟಳು. ಅದು ನಡುವಿಗೆ ಮರಳಿತು. ಲ್ಯಾಪ್‌ಟಾಪ್ ಪರದೆಯ ಅಂಕಿ ಮಾತ್ರ ಸೊನ್ನೆಗೆ ಬರದೆ, ಎಡಕ್ಕೆ ನಾಲ್ಕು ಎಂದು ತೋರಿಸಿ ನಿಂತಿತು. ಹತ್ತು ಸಲ ಹೀಗೆ ಮಾಡಿದಳು. ಒಂಬತ್ತು ಸಲ ನಾಲ್ಕು, ಒಮ್ಮೆ ಐದು.

"ಅಕ್ಕಾರ, ಇದು ಮೆಕ್ಕೆಜೋಳ ತೂಗೋ ಕಾಟಾ ಅಲ್ರಿ," ಎಂದು ಅಂಗಡಿಯ ಮೈಲಾರೇಶ್ ನಕ್ಕ.

ಅವಳ ಕಸುಬೇ ಅದು. ಬಿ.ಎಸ್ಸಿ. ಮುಗಿಸಿ ಎಂಟು ವರ್ಷದಿಂದ ವ್ಯಾಪಾರಸ್ಥರ ಎಲೆಕ್ಟ್ರಾನಿಕ್ ಕಾಟಾಗಳನ್ನು ರಿಪೇರಿ ಮಾಡುತ್ತಿದ್ದಳು. ಖಾಲಿ ಇದ್ದಾಗ ಸೊನ್ನೆ ತೋರಿಸದ ಕಾಟಾವನ್ನು ಸರಿಯಿದೆಯೆಂದು ಯಾರಿಗೂ ಮರಳಿಸಿದವಳಲ್ಲ. ಬಿಡುವಾದಾಗ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟ ಅವಳ ಹುಚ್ಚು; ಅದೂ ಬರೀ ಮೌಸ್ ಹಿಡಿದು. ಲಾರಿ ಓಡಿಸುವ ಗಂಡ ಪ್ರವೀಣಕುಮಾರ್ ಶ್ರಾವಣದಲ್ಲಿ ಬಂದ ನೆಂಟರೆದುರು, "ನಮ್ಮಾಕಿ ಪೈಲಟ್ ಅದಾಳ. ಅನ್ನ ಸೀದ್ರೂ ಕೆಳಗ ಇಳಿಯಂಗಿಲ್ಲ," ಎಂದಿದ್ದ. ಎಲ್ಲರೂ ನಕ್ಕಿದ್ದರು. ಅಂದಿನಿಂದ ಅವಳು ಆ ಆಟ ತೆರೆದಿರಲಿಲ್ಲ.

ಅವನು ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಲಿಲ್ಲ. ತಾನೇ ಈ ಅಂಗಡಿ ಹುಡುಕಿ, ಅವಳ ಕೈಯಲ್ಲಿದ್ದ ಈ ಹಳೆಯ ಜಾಯ್‌ಸ್ಟಿಕ್ಕನ್ನು ಚೌಕಾಸಿ ಮಾಡಿ ಸಾವಿರದ ಒಂಬೈನೂರಕ್ಕೆ ಗೊತ್ತು ಮಾಡಿ, ಅವಳನ್ನು ಕರೆತಂದಿದ್ದ. ಪಕ್ಕದ ಡಬ್ಬದಲ್ಲಿದ್ದ ಹೊಸದಕ್ಕೆ ಎರಡು ಸಾವಿರದ ಎಂಟುನೂರು. ಅದು ಹತ್ತಕ್ಕೆ ಹತ್ತು ಸಲ ಸೊನ್ನೆಗೆ ಬಂದಿತ್ತು.

"ಡೆಡ್ ಝೋನ್ ಐದಕ್ಕ ಇಟ್ಟುಬಿಡ್ರಿ, ಐದರ ತನಕ ಅಲುಗಿದ್ದು ಆಟ ಲೆಕ್ಕಕ್ಕ ತಗೊಳ್ಳಂಗಿಲ್ಲ, ತಪ್ಪು ಕಾಣಂಗೇ ಇಲ್ಲ," ಎಂದ ಮೈಲಾರೇಶ್.

"ಅಂದ್ರ ನಾನು ಕೈ ಸ್ವಲ್ಪ ಅಲುಗಿಸಿದ್ರೂ ಅದಕ್ಕ ಗೊತ್ತಾಗಂಗಿಲ್ಲ. ಬ್ಯಾಡ."

ಪ್ರವೀಣಕುಮಾರನ ಮುಖ ಸಣ್ಣದಾಯಿತು. "ನಾ ಆರಿಸಿದ್ದು ನಿನಗ ಸೇರಂಗಿಲ್ಲ ಬಿಡು."

"ಹಂಗಲ್ರಿ, ಎಡಕ್ಕ ಎಳೀತೈತಿ."

"ನನ್ನ ಲಾರಿನೂ ಎಳೀತೈತಿ. ಎರಡು ದಿನ ಹಿಡಿದ್ರ ಕೈ ಕಲೀತೈತಿ. ಕೊಡಿಲ್ಲಿ."

ಸ್ಟೂಲ್ ಎಳೆದುಕೊಂಡು ಕೂತ. ಮೈಲಾರೇಶ್ ಆಟ ತೆರೆದುಕೊಟ್ಟ. ವಿಮಾನ ನೆಲ ಬಿಟ್ಟಿತು, ಎಡಕ್ಕೆ ವಾಲಿತು, ಹೊಲವೊಂದರಲ್ಲಿ ಮಗುಚಿಬಿತ್ತು.

"ಲೈಸೆನ್ಸ್ ತೋರಿಸ್ರಿ ಅಣ್ಣಾ."

"ಸುಮ್ನಿರಲೇ."

ಎರಡನೆಯ ಸಲವೂ ಅದೇ ಹೊಲ. ಮೂರನೆಯ ಸಲ ಅವನು ಪರದೆಯಿಂದ ಕಣ್ಣು ಕೀಳದೆ ಕೇಳಿದ, "ಏ ಅಮೃತಾ, ಮೂಗು ಕೆಳಗ ಹೊಂಟೈತಿ. ಏನು ಮಾಡ್ಲಿ?"

"ಹಿಂದಕ್ಕ ಎಳೀರಿ. ಮೆಲ್ಲಕ. ಸಾಕು, ಅಷ್ಟ ಸಾಕು."

ಅವನ ಮಣಿಕಟ್ಟು ತಾನಾಗಿಯೇ ಕೂದಲೆಳೆಯಷ್ಟು ಬಲಕ್ಕೆ ಒತ್ತಿ ಹಿಡಿದಿತ್ತು. ರೆಕ್ಕೆಗಳು ಸಮವಾದವು.

"ಕೆಳಗ ಕಾಣೋದು ಯಾವ ಕೆರಿ?"

"ಸಮುದ್ರರಿ ಅದು."

"ಎಪ್ಪಾ! ಈಗ ಎತ್ತಾಗ ಹೋಗಬೇಕು?"

"ನಿಮಗ ಎತ್ತಾಗ ಬೇಕೋ ಅತ್ತಾಗ."

ಅಮೃತಾ ಹೊಸದರ ಡಬ್ಬವನ್ನು ಮುಚ್ಚಿ ಮೈಲಾರೇಶನತ್ತ ಸರಿಸಿದಳು. "ಹಳೇದನ್ನ ಕಟ್ಟಪಾ."

"ಈಗ್ಲೇ ಏನ್ರಿ?"

"ಅವರು ಮುಗಿಸಲಿ ತಡಿ."

ಕೈಗಡಿಯಾರ ನೋಡುತ್ತ ಗಂಡನ ಬೆನ್ನ ಹಿಂದೆ ನಿಂತಳು. ವಿಮಾನ ಗಾಳಿಯಲ್ಲಿದ್ದದ್ದು ಹನ್ನೊಂದು ನಿಮಿಷ ನಲವತ್ತು ಸೆಕೆಂಡ್.